ಎಲ್ಲರೂ ನಕ್ಕರು, ನನಗೆ ಯಾಕೆ ನಗು ಬರಲಿಲ್ಲ? ಸಿಟ್‌ಕಾಮ್‌ನ ಒಂದು ಎಪಿಸೋಡ್‌ ಬಿಡಿಸಿ ನೋಡುವ ಬಗೆ

ಸಬ್‌ಟೈಟಲ್ ಹಾಕಿಕೊಂಡು ಅಮೆರಿಕದ ಯಾವುದೋ ಸಿಟ್‌ಕಾಮ್, ಅಂದರೆ ಟಿವಿಯ ಹಾಸ್ಯ ಸರಣಿ, ನೋಡುತ್ತಿರುತ್ತೀರಿ. ಒಬ್ಬ ಏನೋ ಹೇಳುತ್ತಾನೆ. ಸ್ಟುಡಿಯೋದಲ್ಲಿ ಕೂತ ಜನ ಹೋ ಎಂದು ನಗುತ್ತಾರೆ. ಆ ವಾಕ್ಯದ ಒಂದೊಂದು ಪದವೂ ನಿಮಗೆ ಗೊತ್ತು. ಆದರೂ ನಗು ಬರುವುದಿಲ್ಲ. ಇದು ಭಾಷೆ ಬಾರದ ತೊಂದರೆ ಅಲ್ಲ. ಆ ಮಾತು ಪರದೆಯ ಆಚೆ ಇರುವ ಇನ್ನೊಂದು ವಿಷಯದ ಕಡೆ ಕೈ ತೋರಿಸುತ್ತಿದೆ, ಆ ವಿಷಯ ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೆ.

ಹೀಗೆ ಕೈ ತೋರಿಸುವುದನ್ನೇ ನಾನಿಲ್ಲಿ ಉಲ್ಲೇಖ ಎನ್ನುತ್ತೇನೆ. ಒಂದು ಸಿನಿಮಾ, ಒಂದು ಪಂದ್ಯ, ಒಂದು ಕೊಲೆ ಕೇಸು, ಒಬ್ಬ ರಾಜಕಾರಣಿ, ಹೀಗೆ ಯಾವುದಾದರೂ ಆಗಬಹುದು. ನೋಡುವವರಿಗೆ ಅದು ಗೊತ್ತೇ ಇರುತ್ತದೆ ಅಂದುಕೊಂಡು ಬರೆಯುವವರು ಅದನ್ನು ಎಳೆದು ತರುತ್ತಾರೆ. ವಿವರಿಸುವುದಿಲ್ಲ. ವಿವರಿಸಿದರೆ ಜೋಕೇ ಸತ್ತುಹೋಗುತ್ತದೆ.

ಇಂಥ ಉಲ್ಲೇಖಗಳನ್ನು ಹಿಡಿಯುವುದು ಹೇಗೆ, ಹಿಡಿದ ಮೇಲೆ ಬರೆದಿಟ್ಟುಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ. ಉದಾಹರಣೆಗೆ ಒಂದೇ ಎಪಿಸೋಡ್ ಸಾಕು. ಸೈನ್‌ಫೆಲ್ಡ್ ಸರಣಿಯ ಮೂರನೇ ಸೀಸನ್ನಿನ 'ದಿ ಬಾಯ್‌ಫ್ರೆಂಡ್'. ನಾನು ಈ ಎಪಿಸೋಡ್ ಮೊದಲ ಸಲ ನೋಡಿದಾಗ ನಕ್ಕಿದ್ದೆ. ಆದರೆ ಅರ್ಧ ಮಾತ್ರ ನಕ್ಕಿದ್ದೆ ಅಂತ ಗೊತ್ತಾಗಿದ್ದು ಎಷ್ಟೋ ದಿನ ಆದಮೇಲೆ, ಬೇರೆ ಒಂದು ಸಿನಿಮಾ ನೋಡುವಾಗ. ಆವತ್ತು ಸಿನಿಮಾ ಅರ್ಧಕ್ಕೆ ನಿಲ್ಲಿಸಿ, ಎದ್ದು ಹೋಗಿ, ಆ ಎಪಿಸೋಡನ್ನು ಮತ್ತೆ ಹಾಕಿದೆ.

ಮೊದಲ ಸಲ ಸುಮ್ನೆ ನೋಡಿ

ಪೆನ್ನು, ಪುಸ್ತಕ ಪಕ್ಕಕ್ಕಿಡಿ. ನಡುವೆ ನಿಲ್ಲಿಸಬೇಡಿ, ಫೋನಿನಲ್ಲಿ ಹುಡುಕಬೇಡಿ. ಸಿಟ್‌ಕಾಮ್ ಇರುವುದೇ ಓಟದಲ್ಲಿ. ಒಂದು ನಗು ಮುಗಿಯುವ ಹೊತ್ತಿಗೆ ಮುಂದಿನದು ಬಂದಿರುತ್ತದೆ. ನಿಲ್ಲಿಸಿ ನಿಲ್ಲಿಸಿ ನೋಡಿದರೆ ಆ ತಾಳ ತಪ್ಪುತ್ತದೆ, ಕಥೆ ಎಲ್ಲಿ ಭಾರ ಹಾಕುತ್ತಿದೆ ಅನ್ನುವುದು ಗೊತ್ತಾಗುವುದಿಲ್ಲ.

ಒಂದು ಕೆಲಸ ಮಾತ್ರ ಮಾಡಿ. ಜನ ನಕ್ಕು ನಿಮಗೆ ನಗು ಬಾರದ ಜಾಗಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮೂರೋ ನಾಲ್ಕೋ ಇರುತ್ತವೆ. ಮುಂದಿನ ಹುಡುಕಾಟ ಅಲ್ಲಿಂದಲೇ ಶುರು.

ಪ್ರಸಾರವಾದ ದಿನ ಯಾವುದು ನೋಡಿ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಎಪಿಸೋಡ್ ಮೊದಲ ಸಲ ಟಿವಿಯಲ್ಲಿ ಬಂದ ದಿನಾಂಕವನ್ನು ಹಾಳೆಯ ತಲೆಯ ಮೇಲೆ ಬರೆಯಿರಿ. ವರ್ಷ ಬರೆದರೆ ಸಾಲದು, ದಿನ ಮತ್ತು ತಿಂಗಳು ಸಮೇತ ಬೇಕು.

ಯಾಕೆ ಅಂದರೆ ಬರೆಯುವವರು ನೆಚ್ಚಿಕೊಳ್ಳುವುದು ಆ ವಾರ ಜನರ ಬಾಯಲ್ಲಿದ್ದ ಮಾತನ್ನು. 'ದಿ ಬಾಯ್‌ಫ್ರೆಂಡ್' ಪ್ರಸಾರವಾಗಿದ್ದು 1992ರ ಫೆಬ್ರವರಿ 12ರಂದು, ಎನ್‌ಬಿಸಿ ವಾಹಿನಿಯಲ್ಲಿ. ಅಧ್ಯಕ್ಷ ಕೆನಡಿ ಕೊಲೆಯ ಬಗ್ಗೆ ಆಲಿವರ್ ಸ್ಟೋನ್ ಮಾಡಿದ 'ಜೆಎಫ್‌ಕೆ' ಸಿನಿಮಾ ಅಮೆರಿಕದಲ್ಲಿ ತೆರೆಕಂಡಿದ್ದು 1991ರ ಡಿಸೆಂಬರ್ 20ರಂದು. ನಡುವೆ ಎರಡು ತಿಂಗಳೂ ಇಲ್ಲ. ಆ ಸಿನಿಮಾ ಎಬ್ಬಿಸಿದ ಗದ್ದಲ ಎಷ್ಟಿತ್ತು ಅಂದರೆ, ಕೊಲೆಗೆ ಸಂಬಂಧಿಸಿದ ಸರ್ಕಾರಿ ಕಡತಗಳನ್ನು ಒಂದೆಡೆ ಸೇರಿಸಿ ಬಿಡುಗಡೆ ಮಾಡಬೇಕು ಎಂಬ ಕಾನೂನೇ 1992ರ ಅಕ್ಟೋಬರ್‌ನಲ್ಲಿ ಬಂತು. ಎರಡು ದಿನಾಂಕಗಳನ್ನು ಅಕ್ಕಪಕ್ಕ ಬರೆದುಕೊಂಡರೆ ಸಾಕು, ಎಪಿಸೋಡ್ ಯಾವುದರ ಬಗ್ಗೆ ಅಂತ ಅರ್ಧ ಹೊಳೆದುಬಿಡುತ್ತದೆ.

ಇನ್ನೊಂದು ಮಾತು. ಕಥೆ ನಡೆಯುವ ಕಾಲ ಬೇರೆ, ಪ್ರಸಾರವಾದ ಕಾಲ ಬೇರೆ ಇರಬಹುದು. 'ಮ್ಯಾಶ್' ಸರಣಿಯ ಕಥೆ ನಡೆಯುವುದು 1950ರಿಂದ 1953ರವರೆಗಿನ ಕೊರಿಯಾ ಯುದ್ಧದಲ್ಲಿ, ಅಮೆರಿಕ ಸೇನೆಯ ಒಂದು ಆಸ್ಪತ್ರೆಯಲ್ಲಿ. ಆದರೆ ಅದು ಟಿವಿಗೆ ಬಂದಿದ್ದು 1972ರಲ್ಲಿ, ವಿಯೆಟ್ನಾಂ ಯುದ್ಧ ಇನ್ನೂ ನಡೆಯುತ್ತಿದ್ದಾಗ. ಆಪರೇಷನ್ ಟೇಬಲ್ ಮೇಲೆ ಮಲಗಿದ ಹುಡುಗ ಕೊರಿಯಾ ಯುದ್ಧದಲ್ಲಿ ಗಾಯಗೊಂಡವನು ಅಂತ ಪಾತ್ರಗಳು ಹೇಳುತ್ತವೆ. ನೋಡುತ್ತಿದ್ದ ಅಮ್ಮಂದಿರಿಗೆ ನೆನಪಾಗುತ್ತಿದ್ದುದು ಬೇರೆ ಹುಡುಗರು. ಆ ಸರಣಿ 11 ವರ್ಷ ನಡೆಯಿತು, ಯುದ್ಧವೇ ಮೂರು ವರ್ಷದ್ದು. ಹೀಗಾಗಿ ಹಾಳೆಯ ಮೇಲೆ ಎರಡೂ ಕಾಲ ಬರೆಯಬೇಕು.

ನೀವು ನೋಡುತ್ತಿರುವುದು ಪೂರ್ತಿ ಚಿತ್ರವಾ?

ಹಳೆಯ ಸಿಟ್‌ಕಾಮ್‌ಗಳನ್ನು ಚೌಕಾಕಾರದ ಟಿವಿಗೆ ತೆಗೆದಿದ್ದರು. ಈಗಿನ ಅಗಲ ಪರದೆಗೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸುತ್ತಾರೆ. ಕತ್ತರಿಸಿದ ಜಾಗದಲ್ಲೇ ಜೋಕ್ ಇದ್ದರೆ? 2021ರಲ್ಲಿ ಸೈನ್‌ಫೆಲ್ಡ್ ನೆಟ್‌ಫ್ಲಿಕ್ಸ್‌ಗೆ ಬಂದಾಗ ಹೀಗೇ ಆಯಿತು. ರಸ್ತೆ ಗುಂಡಿಯ ಮೇಲೇ ಒಂದು ಎಪಿಸೋಡ್ ಇದೆ, ಆ ಗುಂಡಿಯೇ ಪರದೆಯಿಂದ ಮಾಯವಾಗಿತ್ತು. 'ದಿ ಸಿಂಪ್ಸನ್ಸ್' ಡಿಸ್ನಿ ಪ್ಲಸ್‌ಗೆ ಬಂದಾಗಲೂ ಅಷ್ಟೆ. ಮೂರು ಬಗೆಯ ಬಿಯರ್ ತೊಟ್ಟಿಗಳಿಗೂ ಮೇಲಿನ ಒಂದೇ ಕೊಳವೆಯಿಂದ ಬಿಯರ್ ಬರುತ್ತದೆ ಅನ್ನುವುದು ಅಲ್ಲಿನ ಜೋಕು. ಕತ್ತರಿ ಬಿದ್ದಿದ್ದೇ ಆ ಕೊಳವೆಗೆ. ಜನ ದೂರಿದ ಮೇಲೆ 2020ರಲ್ಲಿ ಮೂಲ ಅಳತೆಯಲ್ಲಿ ನೋಡುವ ಆಯ್ಕೆ ಕೊಟ್ಟರು. ಸೆಟ್ಟಿಂಗ್ಸ್‌ನಲ್ಲಿ ಅಂಥ ಆಯ್ಕೆ ಇದ್ದರೆ ಮೊದಲು ಅದನ್ನು ಒತ್ತಿ.

ಎಪಿಸೋಡ್ ಉದ್ದವನ್ನೂ ನೋಡಿಕೊಳ್ಳಿ. 'ದಿ ಬಾಯ್‌ಫ್ರೆಂಡ್' ಮೊದಲು ಬಂದಾಗ ಒಂದು ಗಂಟೆಯ ಒಂದೇ ಎಪಿಸೋಡ್. ಮರುಪ್ರಸಾರಕ್ಕೆ ಅದನ್ನು ಎರಡು ಭಾಗ ಮಾಡಿದರು. ಒಂದು ಭಾಗ ಮಾತ್ರ ನೋಡಿ ಕೂತರೆ ಕೊನೆಯ ಉತ್ತರ ಸಿಗುವುದೇ ಇಲ್ಲ.

ಎರಡನೇ ಸಲ, ಪೆನ್ನು ಹಿಡಿದು

ಈಗ ನಿಧಾನ. ಇಂಗ್ಲಿಷ್ ಸಬ್‌ಟೈಟಲ್ ಹಾಕಿ. ನಿಮಿಷ, ಸೆಕೆಂಡು ಬರೆದುಕೊಳ್ಳುತ್ತಾ ಹೋಗಿ. ಉಲ್ಲೇಖ ಇದೆ ಅನ್ನಲು ಕೆಲವು ಗುರುತು ಇರುತ್ತವೆ.

ಎಲ್ಲಕ್ಕಿಂತ ಸುಲಭದ ಗುರುತು ಹೆಸರು. ಮನುಷ್ಯರ ಹೆಸರು, ಊರು, ತಂಡ, ಅಂಗಡಿ. ಆಮೇಲೆ ಬೇಡದ ಕಡೆ ಬರುವ ಖಚಿತ ದಿನಾಂಕ ಅಥವಾ ಅಂಕಿ. ಪಾತ್ರ ಇದ್ದಕ್ಕಿದ್ದಂತೆ ತನ್ನ ಮಾತಿನ ಧಾಟಿ ಬಿಟ್ಟು ಕೋರ್ಟಿನಲ್ಲಿ ನಿಂತಂತೆ, ಭಾಷಣ ಮಾಡಿದಂತೆ ಮಾತಾಡಿದರೂ ಅನುಮಾನ ಪಡಿ. ಚಿತ್ರದ ಬಣ್ಣ ಬದಲಾದರೆ, ಕ್ಯಾಮೆರಾ ಅಲುಗಿದರೆ, ಆ ಸರಣಿಯಲ್ಲಿ ಎಂದೂ ಕೇಳದ ಸಂಗೀತ ಬಂದರೆ ಅಲ್ಲಿ ಒಂದು ಅಣಕು ನಡೆಯುತ್ತಿದೆ ಅಂತಲೇ ಲೆಕ್ಕ. ಯಾರಾದರೂ ಬಾಗಿಲು ತೆರೆದು ಒಳಗೆ ಬಂದ ಕೂಡಲೇ, ಒಂದು ಮಾತೂ ಆಡುವ ಮೊದಲೇ, ಜನ ಚಪ್ಪಾಳೆ ತಟ್ಟಿದರೆ ಆತ ಅಥವಾ ಆಕೆ ಹೊರಗಿನ ಲೋಕದಲ್ಲಿ ಹೆಸರುವಾಸಿ.

ನಮ್ಮ ಎಪಿಸೋಡಿನಲ್ಲಿ ಈ ಗುರುತುಗಳಲ್ಲಿ ಹೆಚ್ಚಿನವು ಸಿಗುತ್ತವೆ. ಅದಕ್ಕೇ ಕಲಿಯಲು ಇದು ಒಳ್ಳೆಯದು.

ಉಗುಳಿನ ಸೀನು: ಎಳೆ ಎಳೆಯಾಗಿ

ಕಥೆ ಇಷ್ಟು. ಸರಣಿಯ ನಾಯಕ ಜೆರ್ರಿಗೆ ಬೇಸ್‌ಬಾಲ್ ಆಟಗಾರ ಕೀತ್ ಹರ್ನಾಂಡೆಜ್ ಸಿಗುತ್ತಾನೆ. ಇಬ್ಬರಿಗೂ ಸ್ನೇಹವಾಗುತ್ತದೆ. ಹರ್ನಾಂಡೆಜ್ ಪಾತ್ರ ಮಾಡಿದ್ದು ಸ್ವತಃ ಹರ್ನಾಂಡೆಜ್. ಆದರೆ ಜೆರ್ರಿಯ ಗೆಳೆಯ ಕ್ರೇಮರ್ ಮತ್ತು ಜೆರ್ರಿ ಇರುವ ಕಟ್ಟಡದಲ್ಲೇ ಇರುವ ನ್ಯೂಮನ್, ಇಬ್ಬರಿಗೂ ಹರ್ನಾಂಡೆಜ್ ಕಂಡರೆ ಆಗದು. ವರ್ಷಗಳ ಹಿಂದೆ ಒಂದು ಪಂದ್ಯ ಮುಗಿದ ಮೇಲೆ ಅವನು ತಮ್ಮ ಮೇಲೆ ಉಗಿದ ಅಂತ ಅವರ ದೂರು. ಜೆರ್ರಿ ಅದನ್ನು ನಂಬುವುದಿಲ್ಲ. ತನ್ನ ಸ್ನೇಹಿತೆ ಇಲೇನ್ ಎದುರಿಗೆ ನ್ಯೂಮನ್‌ನನ್ನೂ ಕ್ರೇಮರ್‌ನನ್ನೂ ನಿಲ್ಲಿಸಿ, ಗಾಲ್ಫ್ ಕೋಲು ಹಿಡಿದು, ಉಗುಳು ಹೋದ ದಾರಿಯನ್ನು ತೋರಿಸುತ್ತಾ ಅವರ ಮಾತು ಸುಳ್ಳೆಂದು ಸಾಧಿಸುತ್ತಾನೆ.

ಜೆರ್ರಿ ಹೇಳುವುದನ್ನು ಗಮನವಿಟ್ಟು ಕೇಳಿ. ಉಗುಳು ಮೊದಲು ಕ್ರೇಮರ್‌ನ ಬಲ ಕಪಾಳದ ಮೇಲ್ಭಾಗಕ್ಕೆ ಬಡಿಯಿತು. ಅಲ್ಲಿಂದ ಚಿಮ್ಮಿ ನ್ಯೂಮನ್‌ನ ಪಕ್ಕೆಲುಬಿಗೆ ತಾಗಿತು. ಪಕ್ಕೆಲುಬಿನಿಂದ ತಿರುಗಿ ಬಲ ಮಣಿಕಟ್ಟಿಗೆ ಬಡಿಯಿತು, ಕೈಯಲ್ಲಿದ್ದ ಟೋಪಿ ಬಿತ್ತು. ಆಮೇಲೆ ಗಾಳಿಯಲ್ಲೇ ಒಂದು ಕ್ಷಣ ನಿಂತು, ಎಡಕ್ಕೆ ತಿರುಗಿ, ಎಡ ತೊಡೆಯ ಮೇಲೆ ಬಂದು ಕೂತಿತು. ಎಂಥ ಮಾಯದ ಉಗುಳಪ್ಪಾ ಅಂತ ಮುಗಿಸುತ್ತಾನೆ.

ಏನೂ ಗೊತ್ತಿಲ್ಲದೆ ನೋಡಿದರೂ ಇದು ನಗು ತರಿಸುತ್ತದೆ. ಒಂದು ಉಗುಳಿಗೆ ಇಷ್ಟು ತನಿಖೆಯಾ ಅಂತ. ನಾನು ಮೊದಲು ನಕ್ಕಿದ್ದು ಅದಕ್ಕೇ. ಈಗ ಹಾಳೆಯ ಮೇಲೆ ಅಂಗಗಳ ಪಟ್ಟಿ ಬರೆಯಿರಿ. ಪಕ್ಕೆಲುಬು, ಬಲ ಮಣಿಕಟ್ಟು, ಎಡ ತೊಡೆ. ಇಷ್ಟು ಖಚಿತವಾಗಿ ಯಾಕೆ ಹೇಳುತ್ತಿದ್ದಾರೆ? ಸುಮ್ನೆ ಬಾಯಿಗೆ ಬಂದಿದ್ದಾ? ಅಲ್ಲ.

1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ತೆರೆದ ಕಾರಿನಲ್ಲಿ ಹೋಗುತ್ತಿದ್ದ ಕೆನಡಿಯನ್ನು ಗುಂಡಿಟ್ಟು ಕೊಂದರು. ಅವರ ಮುಂದಿನ ಸೀಟಿನಲ್ಲಿ ಕೂತಿದ್ದವರು ಟೆಕ್ಸಸ್ ಗವರ್ನರ್ ಜಾನ್ ಕಾನಲಿ. ಅವರಿಗೂ ಗಾಯವಾಯಿತು. ತನಿಖೆ ನಡೆಸಿದ ವಾರನ್ ಆಯೋಗ 1964ರಲ್ಲಿ ಕೊಟ್ಟ ವರದಿಯ ಪ್ರಕಾರ, ಒಂದೇ ಗುಂಡು ಕೆನಡಿಯ ಬೆನ್ನಿನ ಮೇಲ್ಭಾಗದಿಂದ ಹೊಕ್ಕು ಗಂಟಲಿನಿಂದ ಹೊರಬಂತು. ಕಾನಲಿಯ ಬೆನ್ನಿಗೆ ಹೊಕ್ಕು ಪಕ್ಕೆಲುಬು ಮುರಿಯಿತು. ಬಲ ಮಣಿಕಟ್ಟನ್ನು ತೂರಿ ಎಡ ತೊಡೆಯಲ್ಲಿ ನಿಂತಿತು. ಆ ಹೊತ್ತಿನಲ್ಲಿ ಕಾನಲಿಯ ಕೈಯಲ್ಲಿ ಟೋಪಿ ಇತ್ತು. ಪಕ್ಕೆಲುಬು, ಬಲ ಮಣಿಕಟ್ಟು, ಟೋಪಿ, ಎಡ ತೊಡೆ. ನ್ಯೂಮನ್‌ನ ಮೈಮೇಲೆ ಉಗುಳು ಹೋದ ದಾರಿ ಇದೇ ಅಲ್ವಾ?

ವರದಿಯನ್ನು ಒಪ್ಪದವರು ಆ ಗುಂಡಿಗೆ ಮಾಯದ ಗುಂಡು ಅಂತ ಹೆಸರಿಟ್ಟರು. 'ಜೆಎಫ್‌ಕೆ' ಸಿನಿಮಾದಲ್ಲಿ ಕೆವಿನ್ ಕಾಸ್ಟ್‌ನರ್ ಮಾಡಿದ ಸರ್ಕಾರಿ ವಕೀಲ ಜಿಮ್ ಗ್ಯಾರಿಸನ್ ಪಾತ್ರ, ನ್ಯೂ ಆರ್ಲಿಯನ್ಸ್ ನಗರದ ಕೋರ್ಟಿನಲ್ಲಿ ಇಬ್ಬರನ್ನು ಹಿಂದೆ ಮುಂದೆ ಕೂರಿಸಿ, ಕೋಲು ಹಿಡಿದು, ಗುಂಡಿನ ದಾರಿಯನ್ನು ತೋರಿಸುತ್ತದೆ. ಜೆರ್ರಿಯ ಕೈಯಲ್ಲಿದ್ದ ಗಾಲ್ಫ್ ಕೋಲು ಬಂದಿದ್ದು ಅಲ್ಲಿಂದ. ಅವನ ವಕೀಲನ ಧಾಟಿ ಬಂದಿದ್ದೂ ಅಲ್ಲಿಂದ. ನಾನು ಸಿನಿಮಾ ನಿಲ್ಲಿಸಿ ಎದ್ದಿದ್ದು ಈ ಸೀನಿಗೆ.

ಇನ್ನೂ ಮುಗಿದಿಲ್ಲ. ಉಗುಳು ಬಿದ್ದಾಗ ನಿನ್ನ ತಲೆ ಯಾವ ಕಡೆ ವಾಲಿತು ಅಂತ ಜೆರ್ರಿ ಕ್ರೇಮರ್‌ನನ್ನು ಕೇಳುತ್ತಾನೆ. ಹಿಂದಕ್ಕೆ, ಎಡಕ್ಕೆ ಅಂತ ಉತ್ತರ. ಇನ್ನೊಮ್ಮೆ ಹೇಳು ಅನ್ನುತ್ತಾನೆ. ಹಿಂದಕ್ಕೆ, ಎಡಕ್ಕೆ. ಸಿನಿಮಾದಲ್ಲಿ ಗ್ಯಾರಿಸನ್ ಈ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ, ಕೆನಡಿಗೆ ಗುಂಡು ಬಿದ್ದ ಆ ಕ್ಷಣದ ಚಿತ್ರವನ್ನು ತೋರಿಸುತ್ತಾ. ಆ ಚಿತ್ರ ನಿಜವಾದದ್ದು. ಬಟ್ಟೆ ವ್ಯಾಪಾರಿ ಏಬ್ರಹಾಂ ಝಪ್ರೂಡರ್ ಆವತ್ತು ತಮ್ಮ ಚಿಕ್ಕ 8 ಎಂಎಂ ಕ್ಯಾಮೆರಾದಲ್ಲಿ ತೆಗೆದದ್ದು, ಅರ್ಧ ನಿಮಿಷವೂ ಇಲ್ಲ. ದೇಶದ ಜನ ಅದನ್ನು ಟಿವಿಯಲ್ಲಿ ಚಲಿಸುವ ಚಿತ್ರವಾಗಿ ನೋಡಿದ್ದು 1975ರಲ್ಲಿ. ಈಗ ಎಪಿಸೋಡ್‌ಗೆ ಹಿಂದಿರುಗಿ. ಕ್ರೇಮರ್ ಮತ್ತು ನ್ಯೂಮನ್ ಹಳೆಯ ಕಥೆ ಹೇಳುವಾಗ ಚಿತ್ರ ಮಸುಕಾಗಿ, ಮನೆಯಲ್ಲಿ ತೆಗೆದ ಹಳೇ ಫಿಲ್ಮಿನ ಹಾಗೆ ಕಾಣುತ್ತದೆ. ಬಣ್ಣ ಬದಲಾದರೆ ಅನುಮಾನ ಪಡಿ ಅಂದೆನಲ್ಲ, ಇದಕ್ಕೇ. ಹಾಗೆಯೇ ಡಲ್ಲಾಸ್‌ನಲ್ಲಿ ಹುಲ್ಲು ದಿಬ್ಬದ ಮೇಲೆ ಇನ್ನೊಬ್ಬ ಬಂದೂಕುಧಾರಿ ಇದ್ದ ಅನ್ನುವ ವಾದ ಇತ್ತು. ಇಲ್ಲಿ ಜಲ್ಲಿ ರಸ್ತೆಯ ಪೊದೆಯ ಹಿಂದೆ ಎರಡನೇ ಉಗುಳುಗಾರ ಇದ್ದಿರಬೇಕು ಅಂತ ಜೆರ್ರಿ ತೀರ್ಮಾನಿಸುತ್ತಾನೆ. ಕೊನೆಗೆ ಅದು ನಿಜವೂ ಆಗುತ್ತದೆ. ಉಗಿದವನು ಹರ್ನಾಂಡೆಜ್ ಆಡುತ್ತಿದ್ದ ಮೆಟ್ಸ್ ತಂಡದ ಇನ್ನೊಬ್ಬ ಆಟಗಾರ ರೋಜರ್ ಮ್ಯಾಕ್‌ಡವೆಲ್. ಆತನೂ ತನ್ನ ಪಾತ್ರವನ್ನು ತಾನೇ ಮಾಡಿದ್ದಾನೆ.

ಇನ್ನೊಂದು ಪದರ ಇದೆ, ಅದು ಕಂಡಾಗ ನನಗೆ ಮೈ ಜುಂ ಅಂದಿತು. ನ್ಯೂಮನ್ ಪಾತ್ರ ಮಾಡಿದ ವೇಯ್ನ್ ನೈಟ್ 'ಜೆಎಫ್‌ಕೆ' ಸಿನಿಮಾದಲ್ಲೂ ಇದ್ದಾರೆ, ಗ್ಯಾರಿಸನ್ ಕಚೇರಿಯವನಾಗಿ. ಕೋರ್ಟಿನಲ್ಲಿ ಮಾಯದ ಗುಂಡಿನ ಪ್ರದರ್ಶನಕ್ಕೆ ಕೂರುವ ಇಬ್ಬರಲ್ಲಿ ಅವರೂ ಒಬ್ಬರು! ಎರಡು ತಿಂಗಳೊಳಗೆ ಅದೇ ಮನುಷ್ಯನನ್ನು ಇಟ್ಟುಕೊಂಡು ಅದೇ ಪ್ರದರ್ಶನ. ಹೀಗಾಗಿ ನಟರ ಪಟ್ಟಿಯನ್ನು ಕೊನೆಯವರೆಗೆ ಓದಿ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಮೂಲವನ್ನು ಕಣ್ಣಾರೆ ನೋಡಿ

ಮೇಲಿನ ಸೀನಿನಿಂದ ಕಲಿಯುವ ಪಾಠ ಇದು. ಜೆಎಫ್‌ಕೆ ಸಿನಿಮಾದ ಅಣಕು ಅಂತ ಒಂದು ಸಾಲು ಓದಿಬಿಟ್ಟರೆ ಏನೂ ಸಿಕ್ಕಂತಲ್ಲ. ಆ ಸಾಲಿನಲ್ಲಿ ಮಣಿಕಟ್ಟು ಇಲ್ಲ, ಟೋಪಿ ಇಲ್ಲ. ಮೂಲದ ಆ ಕೆಲವು ನಿಮಿಷಗಳನ್ನಾದರೂ ನೋಡಬೇಕು. ನೋಡಿದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಯಾವುದು ಹಾಗೇ ಉಳಿದಿದೆ, ಯಾವುದು ಬದಲಾಗಿದೆ ಅಂತ ಬರೆಯಿರಿ. ನಗು ಇರುವುದು ಬದಲಾದ ಕಡೆ. ಇಲ್ಲಿ ಧಾಟಿ ಹಾಗೇ ಇದೆ, ಕೋಲು ಹಾಗೇ ಇದೆ, ಗಾಯದ ದಾರಿ ಬಹುಮಟ್ಟಿಗೆ ಹಾಗೇ ಇದೆ. ಬದಲಾಗಿದ್ದು ಗುಂಡಿನ ಜಾಗಕ್ಕೆ ಉಗುಳು ಬಂದದ್ದು. ದೇಶವೇ ಮೂವತ್ತು ವರ್ಷ ಹೊತ್ತ ದುಃಖದ ಭಾಷೆಯನ್ನು ತಂದು ಇಬ್ಬರು ಬೀದಿ ಜಗಳದವರ ಬಾಯಿಗೆ ಹಾಕಿದ್ದಾರೆ. ಅದಕ್ಕೇ ಆ ನಗುವಿನಲ್ಲಿ ಸ್ವಲ್ಪ ಅಂಜಿಕೆಯೂ ಇದೆ ಅಂತ ನನಗೆ ಅನ್ನಿಸುತ್ತದೆ.

ಹುಡುಕುವಾಗ ಒಂದು ಉಪಾಯ. ಸಬ್‌ಟೈಟಲ್‌ನಲ್ಲಿ ಬಂದ ಮಾತನ್ನು ಇದ್ದ ಹಾಗೇ ಹುಡುಕಿದರೆ ಮತ್ತೆ ಅದೇ ಎಪಿಸೋಡ್ ಸಿಗುತ್ತದೆ. ಸರಣಿಯ ಹೆಸರು, ಪಾತ್ರಗಳ ಹೆಸರು ತೆಗೆದುಹಾಕಿ, ವಿಚಿತ್ರವಾಗಿ ಕಂಡ ಪದಗಳನ್ನು ಮಾತ್ರ ಹಾಕಿ. ಜೊತೆಗೆ ಪ್ರಸಾರದ ವರ್ಷ ಅಥವಾ ಅದರ ಹಿಂದಿನ ವರ್ಷ ಸೇರಿಸಿ. ಸಬ್‌ಟೈಟಲ್‌ನಲ್ಲಿ ಹೆಸರುಗಳ ಕಾಗುಣಿತ ತಪ್ಪಿರುವುದು ಮಾಮೂಲು, ಎರಡು ಮೂರು ರೀತಿ ಬರೆದು ನೋಡಿ.

ಹೆಸರಿನ ಹಿಂದೆ ಇರುವ ಮನುಷ್ಯ

ಅಣಕಿಗಿಂತ ಹೆಸರು ಸುಲಭ ಅನ್ನಿಸುತ್ತದೆ. ಕೀತ್ ಹರ್ನಾಂಡೆಜ್ ಒಬ್ಬ ಬೇಸ್‌ಬಾಲ್ ಆಟಗಾರ, ಮುಗೀತು ಅಂತ ಮುಂದಕ್ಕೆ ಹೋಗುವವರೇ ಜಾಸ್ತಿ. ಹಾಗೆ ಮಾಡಬೇಡಿ. ಆ ಹೆಸರು ಕೇಳಿದಾಗ ಆವತ್ತಿನ ಪ್ರೇಕ್ಷಕರಿಗೆ ಏನು ನೆನಪಾಗುತ್ತಿತ್ತು ಅಂತ ಕೇಳಿ.

ನ್ಯೂಯಾರ್ಕ್ ಮೆಟ್ಸ್ ತಂಡ 1986ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡವನ್ನು ಏಳನೇ ಪಂದ್ಯದವರೆಗೆ ಹೋದ ಫೈನಲ್ ಸರಣಿಯಲ್ಲಿ ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತ್ತು. ಹರ್ನಾಂಡೆಜ್ ಆ ತಂಡದ ಫಸ್ಟ್ ಬೇಸ್‌ಮನ್. ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಅವರಿಗೆ ಸತತ 11 ಸಲ ಬಂದಿತ್ತು. ಈಗ ಕ್ರೇಮರ್ ಮತ್ತು ನ್ಯೂಮನ್ ದೂರನ್ನು ಮತ್ತೆ ಕೇಳಿ. 1987ರ ಜೂನ್ 14, ಮೆಟ್ಸ್ ಮತ್ತು ಫಿಲಡೆಲ್ಫಿಯಾ ಪಂದ್ಯ, ಹರ್ನಾಂಡೆಜ್ ಫೀಲ್ಡಿಂಗ್‌ನಲ್ಲಿ ಮಾಡಿದ ಒಂದು ತಪ್ಪಿನಿಂದ ಮೆಟ್ಸ್ ಸೋತಿತು ಅನ್ನುತ್ತಾರೆ. ದೇಶದಲ್ಲೇ ಅತ್ಯುತ್ತಮ ಕೈ ಅನ್ನಿಸಿಕೊಂಡವನ ಕೈ ತಪ್ಪಿತು ಅನ್ನುವ ಮಾತಿಗೇ ನ್ಯೂಯಾರ್ಕಿನ ಅಭಿಮಾನಿ ನಕ್ಕಿರುತ್ತಾನೆ.

ಮುಂದೆ ಹರ್ನಾಂಡೆಜ್ ಇಲೇನ್ ಜೊತೆ ಸುತ್ತಾಡಲು ಶುರುಮಾಡುತ್ತಾನೆ. ಮುತ್ತು ಕೊಡಲಾ ಬೇಡವಾ ಅಂತ ಮನಸ್ಸಿನಲ್ಲೇ ಅಳೆಯುವಾಗ, 79ರಲ್ಲಿ ಎಂವಿಪಿ ಗೆದ್ದವನು ನಾನು, ಏನು ಬೇಕಾದರೂ ಮಾಡಬಹುದು ಅಂದುಕೊಳ್ಳುತ್ತಾನೆ. ಎಂವಿಪಿ ಅಂದರೆ ಆ ಸೀಸನ್ನಿನ ಅತ್ಯುತ್ತಮ ಆಟಗಾರ. 1979ರಲ್ಲಿ ಅವರು ಅದನ್ನು ಗೆದ್ದಿದ್ದು ನಿಜ. ಆಗ ಅವರಿದ್ದದ್ದು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ. ಪ್ರಶಸ್ತಿಯನ್ನು ಪಿಟ್ಸ್‌ಬರ್ಗ್ ತಂಡದ ವಿಲ್ಲಿ ಸ್ಟಾರ್ಜೆಲ್ ಜೊತೆ ಹಂಚಿಕೊಂಡಿದ್ದರು. ಮುತ್ತು ಕೊಡುವ ಧೈರ್ಯಕ್ಕೆ 13 ವರ್ಷ ಹಳೆಯ ಅರ್ಧ ಪ್ರಶಸ್ತಿಯನ್ನು ನೆನೆಸಿಕೊಳ್ಳುತ್ತಿದ್ದಾನೆ. ಹಂಚಿಕೊಂಡ ಸಂಗತಿ ಗೊತ್ತಿದ್ದವನಿಗೆ ನಗು ಒಂದು ಹಿಡಿ ಜಾಸ್ತಿ.

ಕಥೆ ಹೇಳಿದ್ದೆಲ್ಲ ನಡೆದದ್ದಲ್ಲ

ಎಪಿಸೋಡ್ ದಿನಾಂಕ ಕೊಟ್ಟಿದೆ ಅಂದಮೇಲೆ ಅದನ್ನು ನಿಜ ಅಂತ ಬರೆದುಬಿಡುವುದು ಸಾಮಾನ್ಯ ತಪ್ಪು. ಹಳೆಯ ಪಂದ್ಯಗಳ ದಾಖಲೆ ತೆಗೆದು ನೋಡಿ. 1987ರ ಜೂನ್ 14ರಂದು ಮೆಟ್ಸ್ ನ್ಯೂಯಾರ್ಕಿನಲ್ಲೇ ಇರಲಿಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಪೈರೇಟ್ಸ್ ವಿರುದ್ಧ ಆಡಿ ಗೆದ್ದಿತ್ತು. ನಿಮ್ಮ ಟಿಪ್ಪಣಿಯಲ್ಲಿ ಇವೆರಡೂ ಇರಬೇಕು, ಬೇರೆ ಬೇರೆಯಾಗಿ. ಎಪಿಸೋಡ್ ಹೀಗೆ ಹೇಳುತ್ತದೆ, ನಡೆದದ್ದು ಹೀಗೆ.

ಒಳಗಿನ ಜೋಕು, ಹೊರಗಿನ ಉಲ್ಲೇಖ

ಇದೇ ಎಪಿಸೋಡಿನಲ್ಲಿ ಜೆರ್ರಿಯ ಇನ್ನೊಬ್ಬ ಗೆಳೆಯ ಜಾರ್ಜ್‌ಗೆ ಕೆಲಸ ಇಲ್ಲ. ನಿರುದ್ಯೋಗ ಭತ್ಯೆ ನಿಲ್ಲುವ ಹೊತ್ತು. ಕೆಲಸ ಹುಡುಕುತ್ತಿದ್ದೇನೆ ಅಂತ ತೋರಿಸಲು ವ್ಯಾಂಡೆಲೇ ಇಂಡಸ್ಟ್ರೀಸ್ ಎಂಬ ಲೇಟೆಕ್ಸ್ ಕಂಪನಿಯ ಹೆಸರು ಹೇಳಿ, ಜೆರ್ರಿಯ ಮನೆಯ ಫೋನ್ ನಂಬರ್ ಕೊಡುತ್ತಾನೆ. ನೀವು ವ್ಯಾಂಡೆಲೇ ಅಂತ ಹುಡುಕಲು ಹೊರಟರೆ ಯಾವ ಕಾರ್ಖಾನೆಯೂ ಸಿಗುವುದಿಲ್ಲ. ಆ ಹೆಸರು ಸರಣಿಯ ಒಳಗೇ ಹುಟ್ಟಿದ್ದು. 1990ರ ಒಂದು ಎಪಿಸೋಡಿನಲ್ಲಿ ಜಾರ್ಜ್ ಮತ್ತು ಜೆರ್ರಿ ಸೇರಿ ಆರ್ಟ್ ವ್ಯಾಂಡೆಲೇ ಎಂಬ ಇಲ್ಲದ ಮನುಷ್ಯನನ್ನು ಹುಟ್ಟುಹಾಕಿದ್ದರು. 1998ರ ಕೊನೆಯ ಎಪಿಸೋಡಿನಲ್ಲಿ ನ್ಯಾಯಾಧೀಶರ ಹೆಸರೂ ಅದೇ.

ಹೊರಗಿನ ಉಲ್ಲೇಖ ಹಿಡಿಯಲು ಲೋಕ ಗೊತ್ತಿರಬೇಕು, ಒಳಗಿನ ಜೋಕು ಹಿಡಿಯಲು ಸರಣಿ ಗೊತ್ತಿರಬೇಕು. ಎರಡಕ್ಕೂ ಬೇರೆ ಬೇರೆ ಹಾಳೆ ಇಡಿ. ನಡುವೆ ಇರುವ ನಿರುದ್ಯೋಗ ಭತ್ಯೆ ಮಾತ್ರ ನಿಜದ ವ್ಯವಸ್ಥೆ. ಅಮೆರಿಕದಲ್ಲಿ ಅದನ್ನು ಪಡೆಯುತ್ತಿರುವವರು ಕೆಲಸ ಹುಡುಕುತ್ತಿರುವುದಕ್ಕೆ ಲೆಕ್ಕ ಕೊಡಬೇಕು. ಅದು ಗೊತ್ತಿಲ್ಲದಿದ್ದರೆ ಫೋನ್ ಎತ್ತಲು ಜಾರ್ಜ್ ಯಾಕೆ ಅಷ್ಟು ಒದ್ದಾಡುತ್ತಾನೆ ಅನ್ನುವುದೇ ತಿಳಿಯುವುದಿಲ್ಲ. ಇಂಥ ಸಪ್ಪೆ ಸರ್ಕಾರಿ ನಿಯಮಗಳನ್ನೂ ಪಟ್ಟಿಗೆ ಸೇರಿಸಿ.

ಇಲ್ಲದ್ದನ್ನು ಕಾಣಬೇಡಿ

ಹುಡುಕುವ ಚಟ ಹತ್ತಿದ ಮೇಲೆ ಎಲ್ಲೆಲ್ಲೂ ಉಲ್ಲೇಖವೇ ಕಾಣುತ್ತದೆ. ನನಗೂ ಕಂಡಿದೆ. ಬರೆದಿಡುವ ಮೊದಲು ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮೂಲ ಎಪಿಸೋಡಿಗಿಂತ ಮೊದಲು ಬಂದದ್ದಾ? ಆವತ್ತಿನ ಸಾಮಾನ್ಯ ಪ್ರೇಕ್ಷಕರಿಗೆ ಅದು ಗೊತ್ತಿರುವ ಸಂಭವ ಇತ್ತಾ? ಹೋಲಿಕೆ ಒಂದೇ ಕಡೆ ಇದೆಯಾ, ಹಲವು ಕಡೆ ಇದೆಯಾ? ಬರೀ ಮಾಯದ ಉಗುಳು ಅನ್ನುವ ಮಾತು ಮಾತ್ರ ಇದ್ದಿದ್ದರೆ ಅನುಮಾನ ಪಡಬಹುದಿತ್ತು. ಕೋಲು, ಧಾಟಿ, ಗಾಯದ ದಾರಿ, ಟೋಪಿ, ತಲೆ ವಾಲಿದ ದಿಕ್ಕು, ಎರಡನೇ ಉಗುಳುಗಾರ, ಅದೇ ನಟ. ಇಷ್ಟು ಕೂಡಿದ ಮೇಲೆ ಅನುಮಾನಕ್ಕೆ ಜಾಗ ಎಲ್ಲಿದೆ?

ಮೊದಲನೇ ಪ್ರಶ್ನೆಗೆ ಇನ್ನೊಂದು ಮುಖ ಇದೆ. ಕೆಲವೊಮ್ಮೆ ಸಿಟ್‌ಕಾಮ್ ಲೋಕವನ್ನು ಉಲ್ಲೇಖಿಸುವ ಬದಲು ಲೋಕವೇ ಸಿಟ್‌ಕಾಮನ್ನು ಉಲ್ಲೇಖಿಸುತ್ತದೆ. 1992ರ ಮೇ ತಿಂಗಳಲ್ಲಿ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ತಮ್ಮ ಭಾಷಣದಲ್ಲಿ ಮರ್ಫಿ ಬ್ರೌನ್ ಎಂಬ ಸಿಟ್‌ಕಾಮ್ ಪಾತ್ರ ಮದುವೆಯಾಗದೆ ಮಗು ಹೆತ್ತದ್ದನ್ನು ಟೀಕಿಸಿದರು. ಇಲ್ಲದ ಹೆಂಗಸಿನ ಬಗ್ಗೆ ಇಡೀ ದೇಶ ಚರ್ಚೆ ಮಾಡಿತು. ಸೆಪ್ಟೆಂಬರ್‌ನಲ್ಲಿ ಆ ಸರಣಿ ತನ್ನ ಹೊಸ ಸೀಸನ್ನಿನ ಮೊದಲ ಎಪಿಸೋಡಿನಲ್ಲೇ ಉತ್ತರ ಕೊಟ್ಟಿತು. ಆ ಎಪಿಸೋಡನ್ನು ಭಾಷಣ ಓದದೆ ನೋಡಿ ಪ್ರಯೋಜನ ಇಲ್ಲ.

ಟಿಪ್ಪಣಿ ಬರೆಯುವುದು

ಉದ್ದ ಬೇಡ. ಒಂದು ಉಲ್ಲೇಖಕ್ಕೆ ನಾಲ್ಕು ಸಾಲು ಸಾಕು. ಎಲ್ಲಿ ಬರುತ್ತದೆ, ಮೂಲ ಏನು, ಆವತ್ತಿನ ಜನರಿಗೆ ಅದು ಏನಾಗಿತ್ತು, ಇಲ್ಲಿ ಅದರಿಂದ ಏನು ಮಾಡಿದ್ದಾರೆ. ನನ್ನ ಪುಸ್ತಕದಲ್ಲಿ ಇರುವ ಒಂದನ್ನು ಹಾಗೇ ಕೊಡುತ್ತೇನೆ:

"ಟೋಪಿ ಬೀಳುವುದು. ಜೆರ್ರಿಯ ಪ್ರದರ್ಶನದಲ್ಲಿ, ಮಣಿಕಟ್ಟಿನ ಮಾತಿನ ಜೊತೆಗೆ. ಕಾನಲಿ ಕಾರಿನಲ್ಲಿ ಟೋಪಿ ಹಿಡಿದಿದ್ದರು, ಗುಂಡು ತೂರಿದ್ದು ಬಲ ಮಣಿಕಟ್ಟನ್ನು. ಸಿನಿಮಾ ಬಂದು ಎರಡು ತಿಂಗಳಾಗಿರಲಿಲ್ಲ, ಜನರಿಗೆ ನೆನಪು ಹಸಿಯಾಗಿತ್ತು. ಇಲ್ಲಿ ಗವರ್ನರ್‌ನ ಟೋಪಿ ಬೇಸ್‌ಬಾಲ್ ಟೋಪಿ ಆಗಿದೆ."

ನಾಲ್ಕನೇ ಸಾಲು ಬರೆಯಲು ಆಗದಿದ್ದರೆ ಆ ಉಲ್ಲೇಖ ನಿಮಗೆ ಇನ್ನೂ ಪೂರ್ತಿ ದಕ್ಕಿಲ್ಲ ಅಂತ ಅರ್ಥ. ಜಾಗ ಖಾಲಿ ಬಿಡಿ. ಎಷ್ಟೋ ಸಲ ತಿಂಗಳು ಕಳೆದ ಮೇಲೆ, ಬೇರೇನೋ ಓದುವಾಗ, ಆ ಸಾಲು ತಾನಾಗಿ ಬರುತ್ತದೆ.

ಬೇರೆಯವರಿಗೆ ತೋರಿಸುವಾಗ

ಇಷ್ಟು ಮಾಡಿದ ಮೇಲೆ ಯಾರಿಗಾದರೂ ತೋರಿಸಬೇಕು ಅನ್ನಿಸಿಯೇ ಅನ್ನಿಸುತ್ತದೆ. ಆಗ ಪಕ್ಕದಲ್ಲಿ ಕೂತು, ನಿಲ್ಲಿಸಿ ನಿಲ್ಲಿಸಿ ವಿವರಿಸಬೇಡಿ. ಜೋಕಿನ ನಂತರ ಬರುವ ವಿವರಣೆ ಯಾರನ್ನೂ ನಗಿಸಿಲ್ಲ. ಬೇಕಾದದ್ದನ್ನು ಮುಂಚೆಯೇ ಕೊಟ್ಟುಬಿಡಿ, ಅದೂ ಸ್ವಲ್ಪವೇ. ಊಟದ ಹೊತ್ತಿಗೆ ಕೆನಡಿ ಕೊಲೆಯ ವಿಷಯ ಎತ್ತಿ, ಕಾನಲಿಯ ಗಾಯಗಳ ಬಗ್ಗೆ ಎರಡು ಮಾತು ಹೇಳಿ. ಸಿನಿಮಾದ ಕೋರ್ಟ್ ಸೀನ್ ಹಾಕಿ ತೋರಿಸಿ. ಉಗುಳಿನ ವಿಷಯ ಬಾಯಿ ಬಿಡಬೇಡಿ. ಮಾರನೇ ದಿನ ಎಪಿಸೋಡ್ ಹಾಕಿ, ಸುಮ್ನೆ ಕೂತಿರಿ. ಜೆರ್ರಿ ಆ ಗಾಲ್ಫ್ ಕೋಲು ಎತ್ತಿಕೊಳ್ಳುವಾಗ ಪರದೆಯ ಕಡೆ ನೋಡಬೇಡಿ, ಅವರ ಮುಖ ನೋಡಿ.